ಹನ್ನೆರಡು ವೋಲ್ಟಿನ ಗುಟ್ಟು

ಎಂಟು ವರ್ಷ ಕಾದ ವರ್ಗಾವಣೆ ಆದೇಶ ಅಂಗಿ ಜೇಬಿನಲ್ಲಿತ್ತು, ಟ್ರಂಕು ಹಡಗು ಹತ್ತಿತ್ತು. ಆದರೂ ನಾನು ಹಿಂದಿನ ದಡವನ್ನೇ ನೋಡುತ್ತಿದ್ದೆ. ಮೊಲೈಕ್ ದಡದ ವೈರ್‌ಲೆಸ್ ಕೊಠಡಿಯಲ್ಲಿ ಮಾ ಸಾಬೈಯನ್ನು ಒಂಟಿಯಾಗಿ ಬಿಟ್ಟು ಬಂದಿದ್ದೆ, ಹೇಳಲೇಬೇಕಾದ ಮಾತೊಂದನ್ನು ಹೇಳದೆ.

ನಮ್ಮ ಟ್ರಾನ್ಸ್‌ಮಿಟರ್ ಯುದ್ಧಕಾಲದ್ದು. ಅದರಲ್ಲಿ ಮುಖ್ಯವಾದ ವಾಲ್ವ್‌ಗಳು, ಅಂದರೆ ಬಲ್ಬಿನಂಥ ಗಾಜಿನ ಕೊಳವೆಗಳು, ಎರಡು; ಆರಾರು ವೋಲ್ಟಿನವು. ನಾನು ಬಂದ ಎರಡನೇ ವರ್ಷವೇ ಎರಡೂ ಸತ್ತವು. ಅಪ್ಪಣೆಯಿಲ್ಲದೆ ಸರ್ಕಾರಿ ಯಂತ್ರಕ್ಕೆ ಕೈ ಹಚ್ಚಿದರೆ ಕೆಲಸ ಹೋಗುತ್ತದೆ. ಅಪ್ಪಣೆ ಕೇಳಿದರೆ ಉತ್ತರ ಬರಲು ಒಂದು ಮಳೆಗಾಲ ಬೇಕು. ಬೇಸಿಗೆಯಲ್ಲಿ ಚಿಂದ್ವಿನ್ ನದಿಯ ಮರಳ ದಿಬ್ಬಗಳು ದಿನಕ್ಕೊಂದು ಕಡೆ ಸರಿಯುತ್ತವೆ. ಎಲ್ಲಿ ಎಷ್ಟು ನೀರಿದೆ ಎಂದು ಹಡಗುಗಳಿಗೆ ದಿನಾ ಒಂದು ಗಂಟೆಗೆ ಹೇಳುವವರು ನಾವೇ. ಹಾಗಾಗಿ ಮಂಡಲೆಯ ಗುಜರಿಯಿಂದ ಅದೇ ಜಾತಿಯ, ಆದರೆ ಹನ್ನೆರಡು ವೋಲ್ಟಿನ ಎರಡು ವಾಲ್ವ್ ತರಿಸಿದೆ. ಸತ್ತವುಗಳ ಬುಡ ಕಿತ್ತು ಇವಕ್ಕೆ ಕೂಡಿಸಿದೆ. ಒಳಗಿನ ತಂತಿ ಬದಲಿಸಿ ಹನ್ನೆರಡು ವೋಲ್ಟ್ ಹರಿಸಿದೆ. ಹೊರಗಿನಿಂದ ನೋಡಿದರೆ ಯಾರಪ್ಪನಿಗೂ ಗೊತ್ತಾಗದು. ಆಗ ನನಗೆ ಎಷ್ಟು ಹೆಮ್ಮೆ ಅಂತೀರಿ!

ರಿಜಿಸ್ಟರಿನಲ್ಲಿ ಮಾತ್ರ ಬೇರೆ ಬರೆದೆ: ಒಂದು ವಾಲ್ವ್ ಚೆನ್ನಾಗಿದೆ, ಇನ್ನೊಂದು ಮುಗಿಯುತ್ತ ಬಂದಿದೆ, ಹೊಸದು ಬೇಕು. ಎರಡೂ ಸತ್ತವೆಂದರೆ ಯಂತ್ರ ನಡೆಯುತ್ತಿರುವುದು ಹೇಗೆಂದು ತನಿಖೆಗೆ ಬರುತ್ತಾರಲ್ಲ. ಹೊಸದು ಬರುವತನಕ ನಿನ್ನನ್ನು ಬಿಡುವುದಿಲ್ಲ, ಈ ಮುದಿ ಸೆಟ್ಟು ನಿನ್ನ ಮಾತನ್ನಷ್ಟೇ ಕೇಳುತ್ತದೆ ಎಂದರು ಮೇಲಿನವರು. ಆಮೇಲೆ ಟ್ರಾನ್ಸಿಸ್ಟರ್ ಸೆಟ್ಟೇ ಬರುತ್ತದೆ ಎಂದರು. ಯಾವುದೂ ಬರಲಿಲ್ಲ. ದಕ್ಷಿಣದ ಮ್ಯೇಕ್‌ನಲ್ಲಿ ಮೇಷ್ಟರಿಕೆ ಮಾಡುವ ನನ್ನ ಹೆಂಡತಿ ಮಾ ಓನ್‌ಗೆ ಪ್ರತಿವರ್ಷ ನಾನೇ ಮೋರ್ಸ್ ಕೀಲಿ ಒತ್ತಿ ತಂತಿ ಕಳಿಸುತ್ತಿದ್ದೆ: ‘ವಾಲ್ವ್ ಬಂದಿಲ್ಲ. ತಡವಾಗುತ್ತದೆ.’ ತೊಟ್ಟಿಲಲ್ಲಿ ಬಿಟ್ಟುಬಂದ ಮಗಳು ಈಗ ಮಗ್ಗಿ ಹೇಳುತ್ತಾಳಂತೆ. ಈ ಸಲವೂ ಬಾರದಿದ್ದರೆ ಇನ್ನು ತಂತಿ ಕಳಿಸಬೇಡ ಎಂದು ಮಾ ಓನ್ ಬರೆದಿದ್ದಳು.

ಕೊನೆಗೆ ನನ್ನ ಜಾಗಕ್ಕೆ ಮೊನ್ಯುವಾದಿಂದ ಮಾ ಸಾಬೈ ಬಂದಳು. ಮೂವತ್ತೈದರ ವಿಧವೆ, ಕೆಲಸದಲ್ಲಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಊಟದ ಕ್ಯಾರಿಯರ್‌ನಲ್ಲಿ ಹತ್ತಿ ಸುತ್ತಿ ಹೊಸ ವಾಲ್ವ್ ತಂದಿದ್ದಳು. ಒಂದೇ ಒಂದು. ನಾನು ಕೇಳಿದ್ದೂ ಒಂದನ್ನೇ ತಾನೆ!

"ನಾಲ್ಕು ದಿನ ಮಡಿಲಲ್ಲಿಟ್ಕೊಂಡು ಬಂದೆ ಅಣ್ಣ. ನನ್ನ ಮಗನ್ನೂ ಇಷ್ಟು ಜೋಪಾನ ಮಾಡಿಲ್ಲ. ಈಗ್ಲೇ ಹಾಕೋಣ್ವಾ?"

"ಬೇಡ. ಹಳೇದು ನಡೀತಿದೆಯಲ್ಲ, ಅದು ಸಾಯೋತನಕ ಮುಟ್ಬೇಡ."

"ಯಾಕೆ?"

"ಯಾಕೆ ಅಂದ್ರೆ... ಮುಟ್ಬೇಡ ಅಷ್ಟೆ."

"ಎಂಟು ವರ್ಷ ಒಂಟಿಯಾಗಿದ್ದು ನಿಮ್ಗೆ ತಲೆ ಕೆಟ್ಟಿದೆ," ಎಂದು ನಕ್ಕಳು. ಯಂತ್ರ ಸುಸ್ಥಿತಿಯಲ್ಲಿದೆ ಎಂಬ ಪತ್ರಕ್ಕೆ ಇಬ್ಬರೂ ಸಹಿ ಹಾಕಿದೆವು. ಹೇಳಿದ್ದರೆ ಅವಳು ಸಹಿ ಹಾಕುತ್ತಿರಲಿಲ್ಲ, ನಾನು ಹೊರಡುತ್ತಿರಲಿಲ್ಲ. ಹೇಡಿತನಕ್ಕೆ ಬೇರೆ ಹೆಸರಿಲ್ಲ.

ಹಡಗು ಹನ್ನೆರಡೂವರೆಗೆ ಬಿಟ್ಟಿತು. ಒಂದು ಗಂಟೆಗೆ ಕಪ್ತಾನ ಊ ಚಿಟ್ ಹ್ಲಾ ಹೆಡ್‌ಫೋನ್ ಕಿವಿಗೇರಿಸಿ ಕೂತ. ಒಂದೂ ಹತ್ತಾಯಿತು.

"ಏನ್ ಸಾಹೇಬ್ರೇ, ನಿಮ್ಮ ಹೊಸ ಅಮ್ಮಣ್ಣಿ ಮೊದಲ್ನೇ ದಿನಾನೇ ನಿದ್ದೆ ಹೊಡೀತಿದ್ದಾಳಾ?"

ನಾನು ಅವನ ಭುಜ ಹಿಡಿದೆ. "ನಿಲ್ಸಪ್ಪ. ಇನ್ನೊಂಚೂರು ಕಾಯಿ."

"ಹರಿಯೋ ನೀರಲ್ಲಿ ಹಡಗನ್ನ ಎತ್ತಿನ ಗಾಡಿ ಥರ ನಿಲ್ಸೋಕಾಗುತ್ತಾ? ನಿನ್ನೆ ಎಡಗಡೆ ನೀರಿತ್ತು, ಎಡಕ್ಕೇ ಹೋಗ್ತೀನಿ."

ಮುಂದೆ ಬಿದಿರುಗೋಲು ಹಿಡಿದು ನೀರು ಅಳೆಯುತ್ತಿದ್ದವನು ಐದಡಿ ಎಂದ, ನಾಲ್ಕು ಎಂದ, ಮೂರು ಎನ್ನುವಷ್ಟರಲ್ಲಿ ಹಡಗು ಕರಕರ ಎಂದು ಮರಳೇರಿ ಕೂತಿತು. ನಾವೆಲ್ಲ ಮುಗ್ಗರಿಸಿದೆವು. ಹಿಂದಕ್ಕೆ ನೋಡಿದರೆ ನನ್ನ ಕೊಠಡಿಯ ತಗಡಿನ ಸೂರು ಇನ್ನೂ ಕಾಣುತ್ತಿತ್ತು. ಎಂಟು ವರ್ಷಕ್ಕೆ ನಾನು ದಾಟಿದ್ದು ಎರಡು ಮೈಲಿ.

ಮೀನಿನ ದೋಣಿಯೊಂದನ್ನು ಕೂಗಿ ಕರೆದು ವಾಪಸು ಹೋದೆ. ಮಾ ಸಾಬೈ ನೆಲದ ಮೇಲೆ ಕೂತಿದ್ದಳು. ಕೆನ್ನೆಗೆ ಹಚ್ಚಿದ್ದ ತನಖಾ ಮರದ ಲೇಪ ಕಣ್ಣೀರಿಗೆ ಕರಗಿ ಗೆರೆ ಬಿದ್ದಿತ್ತು. ಮಡಿಲಲ್ಲಿ ಹೊಸ ವಾಲ್ವ್, ಒಳಗಿನ ತಂತಿ ಸುಟ್ಟು ಕರಕಲು.

"ದನಿ ಸಣ್ಣಗಿತ್ತು ಅಣ್ಣ, ಜೋರಾಗ್ಲಿ ಅಂತ ಹಾಕ್ದೆ. ಫಳ್ ಅಂತು, ಫ್ಯೂಸೂ ಹೋಯ್ತು. ನನ್ನ ಕೈಯೇ ಪಾಪಿ ಕೈ. ನೀವು ಬೇಡ ಅಂದಿದ್ರಿ. ಮೇಲಿನೋರಿಗೆ ಹೇಳ್ಬೇಡಿ, ಮಗನ್ನ ಸಾಕೋಕೆ ಇದೊಂದೇ ಕೆಲಸ ನನ್ಗೆ."

ನಾನು ಫ್ಯೂಸ್ ಹಾಕಿ ಹಳೆಯ ವಾಲ್ವ್ ಕೂರಿಸಿದೆ. ಅದು ಕೆಂಪಗೆ ಉರಿಯಿತು. ಹಡಗಿಗೆ ನೀರಿನ ಲೆಕ್ಕ ಕಳಿಸಿದೆ, ಎಳೆದು ಬಿಡಿಸಲು ಇನ್ನೊಂದು ದೋಣಿಗೂ ಹೇಳಿದೆ. ಸಂಜೆಯೊಳಗೆ ಹಡಗು ಮತ್ತೆ ಹೊರಡುತ್ತದೆ ಎಂದು ಉತ್ತರ ಬಂತು. ನನ್ನ ಟ್ರಂಕು ಅದರಲ್ಲೇ ಇತ್ತು. ಬಾಯಿ ಮುಚ್ಚಿಕೊಂಡು ಹೋಗಿಬಿಡಬಹುದಿತ್ತು. ಸುಟ್ಟವಳು ತಾನೇ ಎಂದು ಅವಳೇ ನಂಬಿದ್ದಳಲ್ಲ.

"ದೇವ್ರಂಥೋರು ಅಣ್ಣ ನೀವು," ಎಂದಳು.

ಆ ಮಾತು ತಡೆಯಲಾಗಲಿಲ್ಲ. ಯಂತ್ರದ ತಳ ತಿರುಗಿಸಿ, ಆರು ವೋಲ್ಟಿನ ವಾಲ್ವಿಗೆ ಹನ್ನೆರಡು ಹರಿಸುವ ತಂತಿ ತೋರಿಸಿದೆ. "ಸುಟ್ಟಿದ್ದು ನೀನಲ್ಲ, ನಾನು. ಆರು ವರ್ಷದ ಹಿಂದೇನೇ ಸುಟ್ಟಿದ್ದೆ."

ಅವಳು ಬೆಸುಗೆಯೊಂದೊಂದನ್ನೂ ಬೆರಳಿಟ್ಟು ನೋಡಿದಳು. ಎದ್ದು ನಿಂತು ನನ್ನ ಎದೆಗೆ ಜೋರಾಗಿ ಗುದ್ದಿದಳು. "ಒಂದು ಮಾತು! ಒಂದೇ ಒಂದು ಮಾತು ಹೇಳೋಕೆ ನಿಮ್ಗೇನಾಗಿತ್ತು?"

ರಿಜಿಸ್ಟರ್ ತೆಗೆದು ಆರು ವರ್ಷದ ನಿಜ ಬರೆದೆ, ಸುಟ್ಟ ವಾಲ್ವಿನ ಹೊಣೆಯನ್ನೂ ನನ್ನ ಹೆಸರಿಗೇ. ವರ್ಗಾವಣೆ ಆದೇಶವನ್ನು ಅದೇ ಪುಟದಲ್ಲಿಟ್ಟು ಮುಚ್ಚಿದೆ. ತನಿಖೆ ಮುಗಿಯುವತನಕ ಅದು ಬರೀ ಕಾಗದ.

ಸಂಜೆ ಹಡಗು ಸಿಳ್ಳೆ ಹಾಕಿ ದಕ್ಷಿಣಕ್ಕೆ ಹೋಯಿತು. ನಾನು ಕೀಲಿಯ ಮುಂದೆ ಕೂತೆ. ಮ್ಯೇಕ್‌ಗೆ ಪ್ರತಿವರ್ಷದ ತಂತಿಯನ್ನು ಬೆರಳು ತಾನಾಗಿಯೇ ಒತ್ತತೊಡಗಿತ್ತು. ತಡೆದು, ಬೇರೆ ಒತ್ತಿದೆ: ‘ವಾಲ್ವ್ ಬಂದಿತ್ತು. ತಪ್ಪು ನನ್ನದು.’