ಕೆಂಚವ್ವ ಎತ್ತಿದ ಬೆಳಕು

ಅಪರಾಧ ಮಾಡಿದವಳು ಕುಂದಗೋಳ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಕಟಕಟೆಯಲ್ಲಿ ನಿಂತವನು ಅವಳ ಗಂಡ ಕರಿಸಿದ್ದಪ್ಪ.

ಯರಗುಪ್ಪಿಯ ಹೊಲದಲ್ಲಿ ಕುರಿಹಟ್ಟಿ ಹಾಕಿದ್ದಾಗ ಮುಚ್ಚಂಜೆಗೆ ತೋಳ ಬಂದಿತ್ತು. ತೋಳ ಬಂದರೆ ಬ್ಯಾಟರಿಯನ್ನು ಮುಗಿಲಿಗೆ ಎತ್ತಿ ಆಡಿಸಬೇಕು, ದೂರದಲ್ಲಿದ್ದವರು ಕಂಡು ಓಡಿ ಬರುತ್ತಾರೆ. ಕುರಿಗಾರರ ಹಳೆಯ ರೂಢಿ ಅದು. ಕೆಂಚವ್ವ ಹಾಗೇ ಮಾಡಿದಳು. ಆದರೆ ಅವಳ ಕೈಯಲ್ಲಿದ್ದದ್ದು ಸಂತೆಯಲ್ಲಿ ಹೊಸದಾಗಿ ಕೊಂಡ ಹಸಿರು ಲೇಸರ್. ಹುಬ್ಬಳ್ಳಿಗೆ ಇಳಿಯುತ್ತಿದ್ದ ವಿಮಾನದ ಪೈಲಟ್‌ನ ಕಣ್ಣಿಗೇ ಅದು ಹೊಡೆಯಿತು. ಆತ ಹೇಗೋ ಸಾವರಿಸಿಕೊಂಡು ಇಳಿಸಿದ. ಮರುದಿನ ಪೊಲೀಸರು ಬಂದು ಲೇಸರ್ ಹಿಡಿದು "ಯಾರದಿದು?" ಎಂದಾಗ ಕರಿಸಿದ್ದಪ್ಪ ಹೆಂಡತಿಯ ಕಡೆ ನೋಡದೆ "ನಂದರಿ" ಎಂದುಬಿಟ್ಟ. ಕುರಿಗಳು ಈಯುವ ಕಾಲ. ಹೊಟ್ಟೆಯಲ್ಲಿ ಅಡ್ಡವಾದ ಮರಿಯನ್ನು ಕೈಹಾಕಿ ತಿರುಗಿಸುವುದು ಅವಳೊಬ್ಬಳಿಗೇ ಗೊತ್ತಿತ್ತು.

"ತಪ್ಪ ಒಪ್ಕೊಂಡಬಿಡು, ದಂಡದಾಗ ಮುಗೀತೈತಿ," ಎಂದಿದ್ದರು ವಕೀಲ ಈರಬಸಪ್ಪ. ವಕೀಲರ ಬಾಯಲ್ಲಿ ಜೈಲಿನ ಮಾತು ಬರುವುದು ತೀರ್ಪಾದ ಮೇಲೆಯೇ.

ನ್ಯಾಯಾಧೀಶರು ಒಳ್ಳೆಯವರು, ಅದೇ ಕಷ್ಟ. ಹಿಂದೆ ಅಪರಾಧವಿಲ್ಲ, ತಾನೇ ಒಪ್ಪಿಕೊಂಡಿದ್ದಾನೆ, ದುರುದ್ದೇಶವಿಲ್ಲ ಎಂದು ಓದಿದರು. ಕೆಂಚವ್ವನಿಗೆ ಉಸಿರು ಬಂದಂತಾಯಿತು. ಆಮೇಲೆ ಕನ್ನಡಕ ತೆಗೆದು, "ವಿಮಾನದಲ್ಲಿ ಎಪ್ಪತ್ತು ಜನರಿದ್ದರು. ದಂಡ ಹಾಕಿ ಕಳಿಸಿದರೆ ನಾಳೆ ಇನ್ನೊಬ್ಬ ಎತ್ತುತ್ತಾನೆ. ಮೂರು ತಿಂಗಳು ಸಾದಾ ಸಜೆ," ಎಂದರು.

ಅವಳು ಎದ್ದು ನಿಂತಳು. "ಸಾಹೇಬ್ರ, ಬೆಳಕ ಬಿಟ್ಟಾಕಿ ನಾನರಿ. ಅವರು ಆವಾಗ ಹಳ್ಳದಾಗಿದ್ರು."

ನ್ಯಾಯಾಧೀಶರು ಕಟಕಟೆಯ ಕಡೆ ತಿರುಗಿದರು. ಇಪ್ಪತ್ತು ವರ್ಷದ ಸಂಸಾರದಲ್ಲಿ ಕರಿಸಿದ್ದಪ್ಪ ಹೆಂಡತಿಯ ಮಾತನ್ನು ಒಮ್ಮೆಯೂ ಸುಳ್ಳೆಂದವನಲ್ಲ. "ನನ್ನ ಉಳಸಾಕ ಸುಳ್ಳ ಹೇಳಾಕ್ಹತ್ಯಾಳ್ರಿ," ಎಂದ. ಕೋರ್ಟು ನಂಬಿತು. ಇಂಥ ಹೆಂಡಂದಿರು ಅದಕ್ಕೆ ಹೊಸಬರಲ್ಲ.

ಪೊಲೀಸರ ಜೊತೆ ಹೊರಗೆ ಹೋಗುವಾಗ ಅವನು ಹೇಳಿದ್ದಿಷ್ಟೆ: "ಕುಂಟ ಕುರಿ ಇವತ್ತ ಈಯಬಹುದು. ಲಗೂನ ಹೋಗು."

ಅವಳು ಹಟ್ಟಿ ಮುಟ್ಟುವಾಗ ಹೊತ್ತು ಮುಳುಗಿತ್ತು. ಕುಂಟ ಕುರಿ ಬಿದ್ದುಕೊಂಡಿತ್ತು, ಮರಿಯ ಒಂದೇ ಕಾಲು ಹೊರಗೆ. ಕೈಹಾಕಿ ತಿರುಗಿಸಿದಳು, ಮರಿ ಜೀವಂತ ಬಂತು. ಅಷ್ಟರಲ್ಲಿ ಹಟ್ಟಿಯ ಆಚೆ ಬದಿಯ ಕುರಿಗಳು ಒಮ್ಮೆಲೇ ಬೆದರಿ ಎದ್ದವು. ತೋಳ. ಮೈದುನ ಬೀರೇಶ ಹಳ್ಳದ ಆಚೆಗಿದ್ದ, ಕೂಗಿದರೆ ಕೇಳುವಷ್ಟು ಹತ್ತಿರವಲ್ಲ. ಗುಡಿಸಲಿನಲ್ಲಿ ಹಳೆಯ ಸಾದಾ ಬ್ಯಾಟರಿಯಿತ್ತು. ತಂದು ಎತ್ತಿ ಹಿಡಿದಳು. ಮೇಲೆ ವಿಮಾನದ ಸದ್ದು ಕೇಳಿಸಿತು.

ಆ ಬ್ಯಾಟರಿಯಿಂದ ವಿಮಾನಕ್ಕೆ ಏನೂ ಆಗದೆಂದು ಅವಳಿಗೆ ಯಾರು ಹೇಳಬೇಕು? ಕೆಂಚವ್ವ ಅದನ್ನು ಸೆರಗಿನಲ್ಲಿ ಸುತ್ತಿ ಅದರ ಮೇಲೆಯೇ ಕೂತಳು. ಆಚೆ ಬದಿಯಿಂದ ತೋಳ ಹೊತ್ತೊಯ್ಯುತ್ತಿದ್ದ ಮರಿಯ ಕೂಗು ಕೇಳುತ್ತ, ವಿಮಾನ ದಾಟುವವರೆಗೆ ಕೂತೇ ಇದ್ದಳು.