ಟೈಲರ್ ಅಕ್ಕ ಕಲಿಸಿದ ಗಿಳಿಪಾಠ

ಬಲಗಡೆಯ ತೋಳನ್ನು ಎಡಗಡೆಗೆ ಹೊಲಿದಳು ಎಂದರೆ ನಮ್ಮ ಟೈಲರ್ ಅಕ್ಕನಿಗೆ ಏನೋ ಆಗಿದೆ ಎಂದೇ ಅರ್ಥ. ಕಣ್ಣು ಮುಚ್ಚಿಕೊಂಡು ಕಾಲರ್ ಕೂರಿಸುವ ಕೈ ಅದು. ಅವಳ ಅಂಗಡಿಗೆ ಅಂಟಿಕೊಂಡೇ ನನ್ನ ಬ್ಯೂಟಿ ಪಾರ್ಲರ್. ಬೀದಿಯ ಸುದ್ದಿಯೆಲ್ಲ ನನ್ನ ಕುರ್ಚಿಗೆ ಬಂದೇ ಮುಂದೆ ಹೋಗುವುದು. ಪಕ್ಕದವಳ ಸುದ್ದಿ ನನಗೇ ಗೊತ್ತಿಲ್ಲ ಎಂದರೆ ಹೇಗೆ? ಬಾಚಣಿಗೆ ಹಿಡಿದುಕೊಂಡೇ ಹೋದೆ.

“ಏನಕ್ಕಾ, ಮುಖ ಸಪ್ಪಗಿದೆ?”

“ಸೋಮವಾರ ಮಗೂನ ಫ್ಯಾಮಿಲಿ ಕೋರ್ಟಿಗೆ ಕರ್ಕೊಂಡು ಬನ್ನಿ ಅಂದಿದ್ದಾರೆ. ನನಗೆ ಕೈಕಾಲೇ ಆಡ್ತಿಲ್ಲ.”

ಅಕ್ಕನ ಮಗಳೂ ಅಳಿಯನೂ ಬೇರೆಯಾಗಿ ವರ್ಷವಾಗಿತ್ತು. ಆರು ವರ್ಷದ ಮೊಮ್ಮಗಳು ಇವರ ಜೊತೆಗೇ ಇದ್ದಳು. ಬಾಯಿ ಮುಚ್ಚದ ಹುಡುಗಿಯಾದ್ದರಿಂದ ಬೀದಿಯವರೆಲ್ಲ ಅವಳನ್ನು ‘ಪಟಾಕಿ’ ಎಂದೇ ಕರೆಯುತ್ತಿದ್ದರು. ಪಟಾಕಿಯನ್ನು ನೋಡಲು ಬಿಡುತ್ತಿಲ್ಲ ಎಂದು ಅಳಿಯ ಈಗ ಕೋರ್ಟಿಗೆ ಹೋಗಿದ್ದ.

“ಕಟಕಟೆ ಹತ್ತಿಸಿ, ಎಲ್ಲರ ಮುಂದೆ ‘ಅಮ್ಮ ಬೇಕಾ, ಅಪ್ಪ ಬೇಕಾ’ ಅಂತ ಕೇಳ್ತಾರೆ. ಮಗು ಬಾಯ್ತಪ್ಪಿ ‘ಅಪ್ಪ’ ಅಂದ್ಬಿಟ್ರೆ ಮುಗೀತು. ಆಮೇಲೆ ಅವಳ ಮುಖ ನೋಡೋಕೂ ಸಿಗಲ್ಲ.”

“ಹಾಗಂತ ಯಾರು ಹೇಳಿದ್ರು?”

“ಯಾರು ಹೇಳ್ಬೇಕು? ದಿನಾ ಸೀರಿಯಲ್‌ನಲ್ಲಿ ನೋಡ್ತೀನಲ್ಲ!”

ನನಗೆ ಮೈಯೆಲ್ಲ ಉರಿಯಿತು. “ಸೀರಿಯಲ್‌ನಲ್ಲಿ ಅತ್ತೆ ಮಲಗೋವಾಗ್ಲೂ ಮೈತುಂಬ ಒಡವೆ ಹಾಕ್ಕೊಂಡಿರ್ತಾಳೆ. ನೀನು ಹಾಕ್ಕೋತೀಯಾ? ನಾನೂ ನನ್ನ ಗಂಡನೂ ಬೇರೆಯಾಗಿದ್ದು ಅದೇ ಕೋರ್ಟಲ್ಲಿ. ನನ್ನ ಮಗನ್ನ ಯಾರೂ ಕಟಕಟೆ ಹತ್ತಿಸ್ಲಿಲ್ಲ.”

“ನಿನ್ನ ಬಾಯಿಗೆ ಹೆದರಿ ಬಿಟ್ಟಿರ್ತಾರೆ ಬಿಡು.”

ಮಾತಿಗೇನೂ ಕಡಿಮೆಯಿಲ್ಲ ನೋಡಿ! ಆದರೂ ಅವಳ ಕಣ್ಣು ಒದ್ದೆಯಾಗಿತ್ತು. ನಾನೂ ಜೊತೆಗೆ ಬರುತ್ತೇನೆ ಎಂದೆ.

ಸೋಮವಾರ ಪಾರ್ಲರಿಗೆ ಬೀಗ ಹಾಕಿ, ಅಕ್ಕ, ಅವಳ ಮಗಳು, ಪಟಾಕಿ, ನಾನು ನಾಲ್ವರೂ ಹೋದೆವು. ಬಾಗಿಲಲ್ಲೇ ಇದ್ದ ವಿಚಾರಣೆ ಮೇಜಿನಲ್ಲಿ ಕೇಳಿದಾಗ ಮಕ್ಕಳ ಕೋಣೆ ತೋರಿಸಿದರು. ಗಿಡ್ಡ ಕುರ್ಚಿಗಳು, ಒಂದು ಕಿವಿ ಕಿತ್ತುಹೋದ ಬಟ್ಟೆಯ ಆನೆ, ಡಬ್ಬಿ ತುಂಬ ಮೊಂಡು ಬಣ್ಣದ ಪೆನ್ಸಿಲ್. ಅಕ್ಕ ಮೂಲೆಮೂಲೆಯಲ್ಲೂ ಕಟಕಟೆ ಹುಡುಕಿದಳು. ಇರಲಿಲ್ಲ.

ಕೋರ್ಟಿನ ಆಪ್ತಸಮಾಲೋಚಕಿ ಬಂದು ನೆಲದ ಮೇಲೆಯೇ ಕುಳಿತರು. “ನಿನ್ನ ಹೆಸರೇನು ಪುಟ್ಟಿ?” ಎಂದು ಕೇಳಿದ್ದಷ್ಟೇ. ಪಟಾಕಿ ಎದ್ದು ನಿಂತು, ಕೈ ಕಟ್ಟಿಕೊಂಡು, ಒಂದೇ ಉಸಿರಿಗೆ ಒಪ್ಪಿಸಿಬಿಟ್ಟಳು: “ನನಗೆ ಅಪ್ಪ ಬೇಡ, ಅಪ್ಪ ಕೆಟ್ಟವರು, ನನಗೆ ಅಮ್ಮ ಬೇಕು, ಅಜ್ಜಿ ಬೇಕು.” ಆಮೇಲೆ ಹಿಂದೆ ತಿರುಗಿ, “ಅಜ್ಜೀ, ಇವಾಗ ಅಳ್ಬೇಕಾ?” ಎಂದಳು.

ಅಯ್ಯೋ ಭಗವಂತ! ಅಕ್ಕನಿಗೆ ಭೂಮಿ ಬಾಯಿಬಿಟ್ಟರೆ ಸಾಕು ಎನ್ನುವಂತಾಯಿತು. ಅವಳ ಮಗಳು ಬೆಚ್ಚಿಬಿದ್ದು, “ಅಮ್ಮಾ, ಇದೆಲ್ಲ ಯಾವಾಗ ಕಲಿಸಿದೆ?” ಎಂದಳು. ನನಗೆ ನಗು ತಡೆಯಲಾಗದೆ ಆನೆಯನ್ನು ಮುಖಕ್ಕೆ ಒತ್ತಿಕೊಂಡೆ.

ಆಪ್ತಸಮಾಲೋಚಕಿ ಮಾತ್ರ ಗದರಲಿಲ್ಲ. “ಅಳೋದೇನೂ ಬೇಡ ಪುಟ್ಟಿ, ಚಿತ್ರ ಬರಿ” ಎಂದು ಪೆನ್ಸಿಲ್ ಕೊಟ್ಟರು. ಅಕ್ಕನನ್ನು ಈಚೆ ಕರೆದು ನನ್ನ ಪಕ್ಕ ಕೂರಿಸಿ, “ಅಮ್ಮಾ, ನಿಮಗೆ ಯಾವ ಭಯ?” ಎಂದು ಕೇಳಿದರು.

“ಮಗು ಕೈತಪ್ಪಿ ಹೋಗುತ್ತೆ ಅಂತ” ಎಂದು ಅಕ್ಕ ಗಳಗಳನೆ ಅತ್ತುಬಿಟ್ಟಳು.

“ಅಮ್ಮನೋ ಅಪ್ಪನೋ ಆರಿಸ್ಕೋ ಅಂತ ನಾವು ಮಗೂನ ಕೇಳಲ್ಲ. ಆ ಭಾರ ಅವಳ ತಲೆ ಮೇಲೆ ಹೊರಿಸೋದು ಬೇಡ. ಅವಳಿಗೆ ಯಾವುದು ಒಳ್ಳೇದು ಅಂತ ನೋಡೋದು ನ್ಯಾಯಾಧೀಶರ ಕೆಲಸ. ನಿಮ್ಮ ಮನೆ ವಿಷಯ ಖಾಸಗಿಯಾಗಿರ್ಬೇಕು ಅಂದ್ರೆ ಹೊರಗಿನವರನ್ನ ಬಿಡದೆ ಬಾಗಿಲು ಮುಚ್ಚಿ ವಿಚಾರಣೆ ಮಾಡಿ ಅಂತ ನ್ಯಾಯಾಧೀಶರನ್ನ ಕೋರಬಹುದು. ಆದೇಶ ಬಂದ ಮೇಲೆ, ಯಾಕೆ ಹಾಗೆ ಮಾಡಿದ್ರು ಅನ್ನೋದೂ ಅದರಲ್ಲಿ ಬರೆದಿರುತ್ತೆ. ಪ್ರತಿ ಕೇಳಿ ತಗೊಳ್ಳಿ. ಅರ್ಥವಾಗದಿದ್ರೆ ವಕೀಲರ ಹತ್ತಿರ ಓದಿಸಿ. ಒಪ್ಪಿಗೆಯಾಗದಿದ್ರೆ ಮೇಲಿನ ಕೋರ್ಟಿಗೂ ಹೋಗಬಹುದು.”

“ಇಷ್ಟೇನಾ? ಇದನ್ನ ಮೊದಲೇ ಯಾರಾದ್ರೂ ಹೇಳ್ಬಾರ್ದಿತ್ತಾ?” ಎಂದಳು ಅಕ್ಕ. ಹೇಳಿದವಳು ಪಕ್ಕದಲ್ಲೇ ಕೂತಿದ್ದೆ, ಕೇಳಿಸಿಕೊಂಡವರು ಯಾರು!

ಅಷ್ಟರಲ್ಲಿ ಪಟಾಕಿ ಚಿತ್ರ ತಂದು ತೋರಿಸಿದಳು. ಅಪ್ಪನ ಹೆಗಲ ಮೇಲೆ ಅವಳು, ಪಕ್ಕದಲ್ಲಿ ಅಮ್ಮ, ಹೊಲಿಗೆ ಯಂತ್ರದ ಮುಂದೆ ಅಜ್ಜಿ. ಅಕ್ಕ ಅದನ್ನು ಬಹಳ ಹೊತ್ತು ನೋಡಿದಳು. ಆಮೇಲೆ ತಾನೇ, “ತಪ್ಪಾಯ್ತು” ಎಂದಳು.

ಕೆಲವು ವಾರಗಳ ಮೇಲೆ ಆದೇಶ ಬಂತು. ಮಗು ತಾಯಿಯ ಹತ್ತಿರ. ಭಾನುವಾರ ಅಪ್ಪನ ಜೊತೆ. ಅಕ್ಕ ಅದನ್ನು ವಕೀಲೆಯಿಂದ ಸಾಲುಸಾಲಾಗಿ ಓದಿಸಿಕೊಂಡಳು. ಮೊದಲ ಭಾನುವಾರ ಅಳಿಯ ಅಂಗಡಿಯ ಮೆಟ್ಟಿಲ ಕೆಳಗೆ ಅಳುಕುತ್ತಾ ನಿಂತಿದ್ದ. ಹೊಸ ಫ್ರಾಕ್ ತೊಟ್ಟ ಪಟಾಕಿ ಅಜ್ಜಿಯ ಸೆರಗು ಜಗ್ಗಿ ಕೇಳಿದಳು:

“ಅಜ್ಜೀ, ಅಪ್ಪಂಗೆ ಏನು ಹೇಳ್ಲಿ?”

ಅಕ್ಕ ಫ್ರಾಕಿನ ಮೇಲಿದ್ದ ದಾರದ ಚೂರು ತೆಗೆದು, “ನಿಂಗೆ ಏನು ಹೇಳ್ಬೇಕು ಅನ್ಸುತ್ತೋ ಅದನ್ನೇ ಹೇಳು ಕಂದಾ” ಎಂದಳು. ಪಟಾಕಿ “ಅಪ್ಪಾ!” ಎಂದು ಓಡಿದಳು. ಅಕ್ಕ ನಗುನಗುತ್ತಲೇ ಕಣ್ಣೊರೆಸಿಕೊಂಡಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಇಂಥ ಕಷ್ಟ ಬಂದಿದ್ದರೆ ಕಂಡವರ ಮಾತಿಗೂ ಸೀರಿಯಲ್ಲಿಗೂ ಹೆದರಿ ಕೂರಬೇಡಿ. ನಿಮ್ಮ ಊರಿನ ಕೌಟುಂಬಿಕ ನ್ಯಾಯಾಲಯಕ್ಕೆ ಹೋಗಿ, ಅಲ್ಲಿ ಏನು ನಡೆಯುತ್ತದೆ ಎಂದು ಕೇಳಿ. ಉಚಿತ ಕಾನೂನು ನೆರವು ಸಿಗುತ್ತದೆಯೇ ಎಂದೂ ವಿಚಾರಿಸಿ. ಕೇಳುವುದರಲ್ಲಿ ನಾಚಿಕೆಯೇನೂ ಇಲ್ಲ. ಮಕ್ಕಳಿಗೆ ಮಾತ್ರ ಏನನ್ನೂ ಬಾಯಿಪಾಠ ಮಾಡಿಸಬೇಡಿ. ಅವರ ಮಾತು ಅವರದೇ ಆಗಿರಲಿ.