ಇಬ್ಬರು ಭಾವಂದಿರ ನಡುವೆ ಒಂದು ಬೊಲೆರೊ

ಹೋಟೆಲಿನ ಊಟದ ಹಾಲ್‌ನಲ್ಲಿ ಕುರ್ಚಿಗಳನ್ನೆಲ್ಲ ಮೇಜಿನ ಮೇಲೆ ತಲೆಕೆಳಗಾಗಿಟ್ಟು ನೆಲ ಒರೆಸುತ್ತಿದ್ದರು. ಮೂಲೆಯ ಪಿಯಾನೋದ ಪಕ್ಕದಲ್ಲಿ ಗಾಯಕಿ ಹಲ್ಲು ಕಚ್ಚಿಕೊಂಡು ನಿಂತಿದ್ದಳು. ಇನ್ನೇನು ಮ್ಯಾನೇಜರ್ ಬರುತ್ತಾರೆ, ಒಂದು ಹಾಡು ಕೇಳುತ್ತಾರೆ, ಮೆಚ್ಚಿದರೆ ವಾರವಾರವೂ ಇಲ್ಲೇ ಹಾಡುವ ಕೆಲಸ. ಮದುವೆಮನೆಗಳಲ್ಲಿ ಬೇರೆಯವರು ಕೇಳಿದ್ದನ್ನು ಹಾಡಿ ಹಾಡಿ ಅವಳಿಗೆ ಸಾಕುಸಾಕಾಗಿತ್ತು. ಹಳೆಯ ಜಾಝ್ ಹಾಡನ್ನು ಲ್ಯಾಟಿನ್ ತಾಳಕ್ಕೆ ಕೂರಿಸಬೇಕು. ಪ್ರೇಮದ ದೂರನ್ನು ಪಕ್ಕದಲ್ಲಿ ಕೂತವರಿಗೆ ಮೆಲ್ಲಗೆ ಹೇಳುವ ಬೊಲೆರೊ ಎಂಬ ಲ್ಯಾಟಿನ್ ಹಾಡಿನಂತೆ ಅದನ್ನು ಹಾಡಬೇಕು. ಇದು ಅವಳ ಹಟ. ಆ ಹಾಡನ್ನು ಪೂರ್ತಿಯಾಗಿ ಯಾರ ಕಿವಿಗೂ ಹಾಕಲು ಇದುವರೆಗೆ ಆಗಿರಲಿಲ್ಲ.

ಯಾಕೆಂದರೆ ಪಿಯಾನೋದ ಮುಂದೆ ಕೂತವನು ಅವಳ ಅಣ್ಣ, ಬಾಂಗೊ ಎಂಬ ಜೋಡಿ ಡ್ರಮ್ಮನ್ನು ಮೊಣಕಾಲುಗಳ ನಡುವೆ ಹಿಡಿದವನು ಗಂಡ. ಜಾಝ್ ಬಿಟ್ಟರೆ ಬೇರೆ ಸಂಗೀತವೇ ಇಲ್ಲ ಎನ್ನುವ ಅಣ್ಣ ಒಂದು ಸ್ವರವನ್ನು ಎಳೆದು, ಮುಂದಿನದನ್ನು ಮೊಟಕು ಮಾಡಿ ಓಲಾಡಿಸುತ್ತಾನೆ. ಗಂಡನ ಏಟು ಗೋಡೆ ಗಡಿಯಾರದಂತೆ ನೇರ. ಅವಳಿಗೆ ಎರಡೂ ಬೇಕು. ಕಾಲು ಗಂಡನ ಏಟಿನ ಮೇಲೆ, ಕೊರಳು ಅಣ್ಣನ ಬೆರಳಿನ ಬೆನ್ನಿಗೆ. ಆದರೆ ಈ ಮಹಾನುಭಾವರಿಗೆ ಒಬ್ಬರನ್ನೊಬ್ಬರು ತಿದ್ದುವುದರಲ್ಲೇ ಹೊತ್ತು ಹೋಗುತ್ತಿತ್ತು.

"ಭಾವ, ಎಳೀಬೇಡಿ. ತಾಳ ಕೂರ್ತಾ ಇಲ್ಲ."

"ನೀವು ಮೊಳೆ ಹೊಡಿಯೋದು ನಿಲ್ಲಿಸಿ ಭಾವ, ತಾನೇ ಕೂರುತ್ತೆ."

ಜಗಳದಲ್ಲೂ ಮರ್ಯಾದೆಗೇನೂ ಕೊರತೆಯಿಲ್ಲ.

"ನಿಮ್ಮ ಕಾಲಿಗೆ ಬೀಳ್ತೀನಿ," ಎಂದಳು ಅವಳು. "ಒಂದೇ ಒಂದು ಸಲ ಒಟ್ಟಿಗೆ ನುಡಿಸಿ."

ಮ್ಯಾನೇಜರ್ ಬಂದು, ಕುರ್ಚಿಯೊಂದನ್ನು ಇಳಿಸಿಕೊಂಡು ಕೂತರು. ಹಾಡು ಶುರುವಾಯಿತು. ಎರಡನೆಯ ಸಾಲಿನಲ್ಲೇ ಅಣ್ಣ ಎಳೆದ. ಗಂಡ ಕಣ್ಣು ಕೆಂಪಗೆ ಮಾಡಿಕೊಂಡು ಏಟು ಜೋರು ಮಾಡಿದ. ಅಣ್ಣ ಮುನಿಸಿಕೊಂಡು ಕೈ ಎತ್ತಿಯೇಬಿಟ್ಟ. ನಂದೇನು ತಪ್ಪು ಎಂಬಂತೆ ಗಂಡನೂ ನಿಲ್ಲಿಸಿದ. ನಡುನೀರಿನಲ್ಲಿ ಅವಳೊಬ್ಬಳೇ. ಮೈಯೆಲ್ಲ ಉರಿಯುತ್ತಿದ್ದರೂ ಹಾಡು ಬಿಡಲಿಲ್ಲ. ತೊಡೆಯ ಮೇಲೆ ತಾಳ ಹಾಕಿಕೊಂಡು ಕೊನೆಯವರೆಗೂ ಹಾಡಿದಳು. ನೆಲ ಒರೆಸುವವರು ಕೈ ನಿಲ್ಲಿಸಿ ಕೇಳಿದರು.

"ಚೆನ್ನಾಗಿತ್ತಮ್ಮಾ," ಎಂದರು ಮ್ಯಾನೇಜರ್. "ನಡುವೆ ವಾದ್ಯ ನಿಲ್ಲಿಸಿದ ಉಪಾಯ ಬಹಳ ಹಿಡಿಸ್ತು. ಇನ್ಮೇಲೆ ನೀವೊಬ್ಬರೇ ಬನ್ನಿ, ಸಾಕು."

ಹೂಂ ಎನ್ನುವ ಮಾತು ಅವಳ ನಾಲಿಗೆಯ ತುದಿಗೇ ಬಂದಿತ್ತು. ಆದರೆ ಇವರು ಮೆಚ್ಚಿದ್ದು ಅವಳ ಹಾಡನ್ನಲ್ಲ, ಅದರಲ್ಲಿ ಅಳಿದುಳಿದದ್ದನ್ನು. ಇದಕ್ಕೆ ಒಪ್ಪಿಕೊಂಡರೆ ಆ ಹಾಡು ತನ್ನ ತಲೆಯೊಳಗೇ ಉಳಿದುಹೋಗುತ್ತದೆ ಎಂದು ಅವಳಿಗೆ ಭಯವಾಯಿತು.

"ಮೂವರೂ ಬರ್ತೀವಿ ಸಾರ್. ಈ ಹಾಡಿಗೆ ಇವರಿಬ್ಬರೂ ಬೇಕೇ ಬೇಕು."

"ಹಾಗಾದ್ರೆ ಬೇಡ ಬಿಡಿ," ಎಂದು ಅವರು ಎದ್ದು ಹೋದರು.

ಬಾಗಿಲು ಮುಚ್ಚಿದ್ದೇ ತಡ, "ಒಪ್ಕೋಬಾರದಿತ್ತಾ!" ಎಂದು ಅಣ್ಣ, ಗಂಡ ಇಬ್ಬರೂ ಒಟ್ಟಿಗೇ ಕೂಗಿದರು. ಕೂದಲೆಳೆಯಷ್ಟೂ ಹಿಂದುಮುಂದಾಗಲಿಲ್ಲ.

ಅವಳು ಇಬ್ಬರ ಮುಖವನ್ನೂ ನೋಡಿದಳು.

"ಇದೇ," ಎಂದಳು. "ಇದನ್ನೇ ಕಣ್ರೋ ನಾನು ಕೇಳಿದ್ದು."